ತಾತಗುಣಿಯ ರಷ್ಯನ್ ಸಾಹೇಬರು

ಈ ಸಂಚಿಕೆಗೆ ಒಬ್ಬೊಬ್ಬರೂ ಒಬ್ಬ ದೊಡ್ಡವರ ಜೀವನಚಿತ್ರ ಬರೆದುಕೊಡಬೇಕು ಅಂತ ನಮ್ಮ ಸಂಘದ ಸಭೆಯಲ್ಲಿ ತೀರ್ಮಾನವಾದಾಗ ಕುವೆಂಪು, ಬೇಂದ್ರೆ, ವಿಶ್ವೇಶ್ವರಯ್ಯ ಎಲ್ಲರನ್ನೂ ಮುಂದಿನ ಬೆಂಚಿನವರು ಎತ್ತಿಕೊಂಡುಬಿಟ್ಟರು. ಬಿ.ಕಾಂ.ನವನಿಗೆ ಇನ್ಯಾರು ಉಳಿದಿರ್ತಾರೆ ಅಂತ ಗೆಳೆಯರು ನಕ್ಕರು. ನಾನು ರೋರಿಕ್ ಅಂದೆ. ಅವನು ಯಾವ ದೇಶದವನಯ್ಯಾ, ಕನ್ನಡ ಸಂಘಕ್ಕೂ ಅವನಿಗೂ ಏನು ಸಂಬಂಧ ಅಂತ ಕೇಳಿದರು. ಆವತ್ತು ನನಗೆ ಸರಿಯಾಗಿ ಉತ್ತರ ಕೊಡಲಿಕ್ಕೆ ಬರಲಿಲ್ಲ. ಈಗ ಕೊಡ್ತಾ ಇದ್ದೇನೆ, ವಾಚಕರು ದೊಡ್ಡ ಮನಸ್ಸು ಮಾಡಿ ಓದಬೇಕು.

ನಮ್ಮೂರು ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಹಳ್ಳಿ. ಹತ್ತನೆಯ ತರಗತಿಯವರೆಗೆ ಅಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದೆ. ಆಮೇಲೆ ಸೋದರಮಾವ ಇಲ್ಲಿ ಟಿ. ನಗರದ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ ಅಂತ ನನ್ನನ್ನೂ ಇಲ್ಲಿಗೆ ಕಳಿಸಿದರು. ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ವಯಸ್ಸಿನಲ್ಲಿ ತಾತಗುಣಿ ಎಸ್ಟೇಟಿಗೆ ಕೂಲಿಗೆ ಹೋಗ್ತಿದ್ದವಳು. ಕಾಯಿ ಬಿಡಿಸೋದು, ಸಿಪ್ಪೆ ಬೇರೆ ಮಾಡೋದು ಅವಳ ಕೆಲಸ. ಅವಳ ಬಾಯಲ್ಲಿ ಎಸ್ಟೇಟಿನ ಯಜಮಾನರು ಬರೀ ರಷ್ಯನ್ ಸಾಹೇಬರು. ಬಿಳೀ ಗಡ್ಡ, ನಿಧಾನವಾದ ನಡಿಗೆ, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ ಅಂತಾಳೆ. ಅವರ ಹೆಂಡತಿ ಹಿಂದೆ ಸಿನಿಮಾದಲ್ಲಿದ್ದವರು ಅನ್ನೋದು ಅವಳಿಗೆ ಗೊತ್ತಿತ್ತು. ಸಾಹೇಬರು ಚಿತ್ರ ಬರೆಯುವವರು, ಅದೂ ಜಗತ್ತೇ ಬಲ್ಲ ಕಲಾವಿದರು ಅನ್ನೋದು ನಾನು ಹೇಳುವವರೆಗೆ ಗೊತ್ತಿರಲಿಲ್ಲ. ಅವಳು ನಂಬಲೂ ಇಲ್ಲ. ಅಷ್ಟು ದೊಡ್ಡವರಾದರೆ ಎಣ್ಣೆಕಾಯಿ ಗಿಡ ಯಾಕೆ ಬೆಳೀತಿದ್ರು ಅಂತ ಕೇಳಿದಳು.

ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು 1904ರ ಅಕ್ಟೋಬರ್ 23ರಂದು, ಆಗ ರಷ್ಯಾದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. (ನಮ್ಮ ಕಡೆ ಬಹಳ ಜನ ರೋರಿಚ್ ಅಂತಾರೆ, ಬೋರ್ಡುಗಳಲ್ಲೂ ಹಾಗೇ ಬರೆದಿರುತ್ತೆ.) ತಂದೆ ನಿಕೊಲಾಯ್ ರೋರಿಕ್ ಆಗಲೇ ಹೆಸರಾದ ಚಿತ್ರಕಾರ, ಹಳೆಯ ಕಟ್ಟಡಗಳ ಪ್ರೇಮಿ, ಮಣ್ಣು ಅಗೆದು ಪ್ರಾಚೀನ ವಸ್ತು ಹುಡುಕುವ ಹುಚ್ಚಿನವರು. ತಾಯಿ ಹೆಲೆನಾ ಭಾರತದ ತತ್ತ್ವಶಾಸ್ತ್ರ ಓದಿಕೊಂಡಿದ್ದ ಹೆಂಗಸು. ಅಣ್ಣ ಯೂರಿ ಎರಡು ವರ್ಷಕ್ಕೆ ದೊಡ್ಡವನು, ಮುಂದೆ ಟಿಬೆಟಿನ ಭಾಷೆ ಸಾಹಿತ್ಯದಲ್ಲಿ ದೊಡ್ಡ ವಿದ್ವಾಂಸನಾದ. ಮನೆಯಲ್ಲಿ ಯಾವಾಗಲೂ ಬಣ್ಣದ ವಾಸನೆ, ಪುಸ್ತಕ, ಸಂಗೀತಗಾರರ ಓಡಾಟ. 1913ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ವಸಂತೋತ್ಸವದ ಬ್ಯಾಲೆ ನಡೆದಾಗ ನೋಡುವವರು ಎದ್ದು ಕೂಗಾಡಿ ಗಲಾಟೆಯಾಯಿತಲ್ಲ, ಆ ಬ್ಯಾಲೆಯ ರಂಗಸಜ್ಜಿಕೆ, ವೇಷಭೂಷಣ ಎರಡೂ ತಂದೆಯವು. ಆಗ ನಮ್ಮ ಕಥಾನಾಯಕನಿಗೆ ಎಂಟು ವರ್ಷ.

ಇವರು ದೇಶ ಬಿಟ್ಟ ರೀತಿ ವಿಚಿತ್ರ. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಓಡಿಬಂದವರಲ್ಲ. ತಂದೆಗೆ ಶ್ವಾಸಕೋಶದ ಕಾಯಿಲೆ. ಒಳ್ಳೆ ಗಾಳಿಗೆ ಅಂತ 1916ರ ಕೊನೆಯ ಹೊತ್ತಿಗೆ ಫಿನ್ಲೆಂಡಿನ ಸರೋವರದ ತೀರದ ಸೆರ್ಡೊಬೊಲ್ ಎಂಬ ಊರಿಗೆ ಸಂಸಾರ ಹೋಯಿತು. ಆಗ ಅದೂ ಜಾರ್ ದೊರೆಯ ಸಾಮ್ರಾಜ್ಯದೊಳಗೇ ಇತ್ತು. 1917ರಲ್ಲಿ ಕ್ರಾಂತಿಯಾಯಿತು, ಫಿನ್ಲೆಂಡ್ ಸ್ವತಂತ್ರವಾಯಿತು, ನಡುವೆ ಗಡಿ ಬಂದು ಕೂತಿತು. ಹವಾ ಬದಲಾವಣೆಗೆ ಹೋದವರು ಹಾಗೇ ಹೊರಗುಳಿದರು. ಮನೆ ಆಚೆ ಕಡೆ, ಮನುಷ್ಯರು ಈಚೆ ಕಡೆ. ಹುಡುಗನಿಗೆ ಆಗ ಹದಿಮೂರು. ನನಗೆ ಈ ಭಾಗ ಓದಿದಾಗ ಬೇರೆಲ್ಲದಕ್ಕಿಂತ ಹೆಚ್ಚು ಸಂಕಟವಾಯಿತು. ಹೊರಡುವಾಗಲೇ ಗೊತ್ತಿದ್ದರೆ ಮನುಷ್ಯ ಮನೆಯ ಗೋಡೆಯನ್ನಾದರೂ ಒಂದು ಸಲ ಮುಟ್ಟಿ ಬರ್ತಾನೆ. ಇವರಿಗೆ ಅದೂ ಆಗಲಿಲ್ಲ.

ಮುಂದಿನ ಕೆಲವು ವರ್ಷ ಬರೀ ಅಲೆದಾಟ. 1919ರಲ್ಲಿ ಲಂಡನ್. ಅಲ್ಲಿಯ ಕೋವೆಂಟ್ ಗಾರ್ಡನ್ ರಂಗಮಂದಿರಕ್ಕೆ ತಂದೆ ಪರದೆಗಳನ್ನು ಬರೆದುಕೊಟ್ಟರು, ಮಗ ವಾಸ್ತುಶಿಲ್ಪ ಓದಲಿಕ್ಕೆ ಸೇರಿದ. 1920ರಲ್ಲಿ ಅದೇ ಲಂಡನ್ನಿನಲ್ಲಿ ರವೀಂದ್ರನಾಥ ಠಾಕೂರರ ಪರಿಚಯವಾಯಿತು. ಅದೇ ವರ್ಷ ಅಮೆರಿಕ. ಅಲ್ಲಿ ಮಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಿದ, ಆದರೆ ಮನಸ್ಸು ಕಟ್ಟಡದಿಂದ ಕುಂಚಕ್ಕೆ ಹೊರಳಿತ್ತು. 1923ರ ಡಿಸೆಂಬರಿನಲ್ಲಿ ನಾಲ್ವರೂ ಮುಂಬಯಿಯಲ್ಲಿ ಹಡಗಿಳಿದರು, ಅಲ್ಲಿಂದ ಡಾರ್ಜಿಲಿಂಗ್.

ಇಲ್ಲಿ ನಮ್ಮ ಮದ್ರಾಸಿನ ಮಾತು ಸ್ವಲ್ಪ ಬರಬೇಕು, ಯಾಕಂದರೆ ತಂದೆ ರೋರಿಕ್ 1925ರ ಜನವರಿಯಲ್ಲಿ ಅಡ್ಯಾರಿಗೆ ಬಂದಿದ್ದರು. ಥಿಯಸಾಫಿಕಲ್ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಬ್ಲಾವಟ್‌ಸ್ಕಿ ಕೂಡ ರಷ್ಯನ್ ಹೆಂಗಸೇ ತಾನೆ. ಅವರ ನೆನಪಿಗೆ ಅಂತ ದೂತ ಎಂಬ ಅರ್ಥದ ಹೆಸರಿನ ತಮ್ಮದೊಂದು ಚಿತ್ರವನ್ನು ಸೊಸೈಟಿಗೆ ಕೊಟ್ಟರು. ಟಿ. ನಗರದಿಂದ ಅಡ್ಯಾರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಮಹಾ. ನಾನು ಆ ತೋಟದ ದೊಡ್ಡ ಆಲದಮರ ನೋಡಲಿಕ್ಕೆ ಎರಡು ಸಲ ಹೋಗಿದ್ದೇನೆ, ಈ ಸಂಗತಿ ಗೊತ್ತಾದದ್ದು ಮಾತ್ರ ಆಮೇಲೆ.

ಅಡ್ಯಾರಿಗೆ ಬಂದಮೇಲೆ ಇನ್ನೊಬ್ಬ ರಷ್ಯನ್ ಕಲಾವಿದೆಯನ್ನು ಬಿಟ್ಟು ಹೋಗುವ ಹಾಗಿಲ್ಲ. ಅನ್ನಾ ಪಾವ್ಲೊವಾ. ಬ್ಯಾಲೆ ನರ್ತಕಿ, ಸೇಂಟ್ ಪೀಟರ್ಸ್‌ಬರ್ಗಿನವಳೇ, 1914ರಲ್ಲಿ ರಷ್ಯಾ ಬಿಟ್ಟವಳು ಮತ್ತೆ ಹೋಗಲಿಲ್ಲ, ಲಂಡನ್ನಿನಲ್ಲಿ ಮನೆ ಮಾಡಿಕೊಂಡು ಲೋಕವೆಲ್ಲ ಕುಣಿದು ಬಂದಳು. 1923ರಲ್ಲಿ ಉದಯಶಂಕರ್ ಎಂಬ ಹುಡುಗ ಲಂಡನ್ನಿನಲ್ಲಿ ಚಿತ್ರಕಲೆ ಕಲೀತಿದ್ದಾಗ ಅವನನ್ನು ಕರೆದು ರಾಧಾಕೃಷ್ಣರ ನೃತ್ಯ ಕಟ್ಟಿಸಿ ತಾನು ರಾಧೆಯಾಗಿ, ಅವನನ್ನು ಕೃಷ್ಣನಾಗಿ ಕುಣಿಸಿದವಳು ಅವಳು. 1928ರಲ್ಲಿ ಮುಂಬಯಿಯಲ್ಲಿ ಅವಳ ನೃತ್ಯ ನೋಡಿದ ರುಕ್ಮಿಣೀದೇವಿ ಅರುಂಡೇಲ್, ಆಸ್ಟ್ರೇಲಿಯಾಕ್ಕೆ ಹೋಗುವ ಹಡಗಿನಲ್ಲಿ ಅವಳ ಜೊತೆಯಾದರು, ಅವಳ ತಂಡದ ಕ್ಲಿಯೊ ನೊರ್ಡಿಯಿಂದ ಬ್ಯಾಲೆ ಪಾಠ ಹೇಳಿಸಿಕೊಂಡರು. ನಿನ್ನ ದೇಶದ ನೃತ್ಯವನ್ನು ಹುಡುಕಿಕೋ ಅಂತ ಬುದ್ಧಿ ಹೇಳಿದ್ದು ಪಾವ್ಲೊವಾ. ರುಕ್ಮಿಣೀದೇವಿ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ ಕಲಿತು 1935ರಲ್ಲಿ ಅಡ್ಯಾರಿನಲ್ಲಿ ಕುಣಿದರು, 1936ರಲ್ಲಿ ಕಲಾಕ್ಷೇತ್ರ ಕಟ್ಟಿದರು. ಈ ನೃತ್ಯವನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ದೇವದಾಸಿ ಮನೆತನಗಳಿಗೆ ಇದರಿಂದ ಸಿಕ್ಕಿದ್ದೇನು, ಹೋದದ್ದೇನು ಅನ್ನುವ ಜಗಳ ಇನ್ನೂ ಇದೆ, ಅದು ನ್ಯಾಯವಾದ ಜಗಳವೇ. ನಾನು ಹೇಳ ಹೊರಟದ್ದು ಇಷ್ಟೇ. ತಾಯ್ನಾಡು ಕಳಕೊಂಡ ಒಬ್ಬಾಕೆ ಇನ್ನೊಬ್ಬಾಕೆಗೆ ಆಕೆಯ ನಾಡಿನ ಕಡೆ ಕೈ ತೋರಿಸಿದಳು. ಅದರ ಫಲ ಕಣ್ಣಿಗೆ ಕಾಣುತ್ತೆ, ಈಗಲೂ ಮಾರ್ಗಳಿ ತಿಂಗಳಲ್ಲಿ ಈ ಊರಿನ ಸಭಾಗಳಿಗೆಲ್ಲ ಕಾಣುತ್ತೆ. ನಮ್ಮ ರೋರಿಕ್ಕರದು ಅಷ್ಟು ಸುಲಭವಾಗಿ ಕಾಣುವುದಲ್ಲ. ಅದಕ್ಕೇ ಬರೆಯಬೇಕು ಅನ್ನಿಸಿದ್ದು.

ತಂದೆ, ತಾಯಿ, ಅಣ್ಣ ಮಧ್ಯ ಏಷ್ಯಾದ ಮರುಭೂಮಿ, ಹಿಮದ ಕಣಿವೆಗಳ ದೊಡ್ಡ ಯಾತ್ರೆಗೆ ಹೋದಾಗ ಕಿರಿಯ ಮಗ ಹೋಗಲಿಲ್ಲ. ಅವನು ಅಮೆರಿಕಕ್ಕೆ ವಾಪಸು ಹೋಗಿ ಅಲ್ಲಿಯ ಮ್ಯೂಸಿಯಂ ಕೆಲಸ ನೋಡಿಕೊಂಡ. 1928ರಲ್ಲಿ ಯಾತ್ರೆ ಮುಗಿಸಿ ಬಂದವರು ಕುಲ್ಲು ಕಣಿವೆಯ ನಗ್ಗರ್ ಎಂಬಲ್ಲಿ ನೆಲೆ ನಿಂತರು, ಉರುಸ್ವತಿ ಎಂಬ ಹೆಸರಿನ ಹಿಮಾಲಯ ಸಂಶೋಧನ ಸಂಸ್ಥೆ ಶುರುಮಾಡಿದರು. 1931ರಲ್ಲಿ ಮಗನೂ ಅಲ್ಲಿಗೆ ಬಂದ. ಅವನ ಪಾಲಿಗೆ ಬಂದ ಕೆಲಸ ಗಿಡಮೂಲಿಕೆಗಳದು. ಬೆಟ್ಟ ಹತ್ತಿ ಔಷಧಿ ಸಸ್ಯ ಸಂಗ್ರಹಿಸುವುದು, ಟಿಬೆಟಿನ ವೈದ್ಯರು ಯಾವುದಕ್ಕೆ ಯಾವುದನ್ನು ಕೊಡ್ತಾರೆ ಅಂತ ಕೇಳಿ ಬರೆದುಕೊಳ್ಳುವುದು. ಅಜ್ಜಿಯ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿದೆ ನೋಡಿ. ಗಿಡದ ಹುಚ್ಚು ತಾತಗುಣಿಯಲ್ಲಿ ಹುಟ್ಟಿದ್ದಲ್ಲ.

ಆ ದಿನಗಳಲ್ಲಿ ಬ್ರಿಟಿಷ್ ಪೊಲೀಸರಿಗೆ ಈ ಸಂಸಾರದ ಮೇಲೆ ಒಂದು ಕಣ್ಣು. ತಂದೆ 1926ರಲ್ಲಿ ಯಾತ್ರೆಯ ನಡುವೆ ಮಾಸ್ಕೋಗೆ ಹೋಗಿಬಂದಿದ್ದರು, ಅಷ್ಟು ಸಾಕಾಯಿತು, ಬೊಲ್ಷೆವಿಕ್ ಗೂಢಚಾರ ಇರಬೇಕು ಅನ್ನುವ ಗುಮಾನಿ. ಅತ್ತ ಸೋವಿಯತ್ ಸರ್ಕಾರಕ್ಕೆ ಇವರು ದೇವರು ಧ್ಯಾನ ಅಂತ ಮಾತಾಡುವ ಹೊರಗಿನವರು. ಎರಡೂ ಕಡೆಗೆ ಬೇಡವಾದವರು ಅಂತಾರಲ್ಲ ಹಾಗೆ. ಇಷ್ಟರಲ್ಲೂ ತಂದೆ ಸುಮ್ಮನಿರಲಿಲ್ಲ. ಯುದ್ಧ ಬಂದಾಗ ಮ್ಯೂಸಿಯಂ, ದೇವಾಲಯ, ಗ್ರಂಥಾಲಯಗಳ ಮೇಲೆ ಯಾರೂ ಬಾಂಬು ಹಾಕಬಾರದು ಅನ್ನುವ ಒಪ್ಪಂದವನ್ನು ಅವರೇ ಸೂಚಿಸಿ, 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡದ ದೇಶಗಳಿಂದ ಸಹಿ ಹಾಕಿಸಿದರು. ಅವರ ಅಧ್ಯಾತ್ಮದ ಬರಹಗಳ ಗೊಡವೆಗೆ ನಾನು ಹೋಗುವುದಿಲ್ಲ. ಓದಲು ಪ್ರಯತ್ನಪಟ್ಟೆ, ತಲೆಗೆ ಹೋಗಲಿಲ್ಲ.

ಮಗ ಚಿತ್ರಕಾರನಾಗಿ ತಂದೆಯ ನೆರಳಿನಿಂದ ಈಚೆ ಬಂದದ್ದು ಭಾವಚಿತ್ರಗಳಲ್ಲಿ. ತಂದೆಯ ಚಿತ್ರಗಳಲ್ಲಿ ಬೆಟ್ಟ ದೊಡ್ಡದು, ಮನುಷ್ಯ ಇರುವೆಯಷ್ಟು. ಮಗನ ಚಿತ್ರದಲ್ಲಿ ಮನುಷ್ಯನ ಮುಖವೇ ಮುಂದೆ ಬಂದು ಕೂತುಬಿಡುತ್ತೆ. ತಂದೆಯ ಮುಖವನ್ನೇ ಮತ್ತೆ ಮತ್ತೆ ಬರೆದಿದ್ದಾರೆ. 1942ರಲ್ಲಿ ನೆಹರೂ, ಮಗಳು ಇಂದಿರಾ ನಗ್ಗರಿನ ಮನೆಗೆ ಬಂದು ಉಳಿದುಕೊಂಡಿದ್ದಾಗ ನೆಹರೂ ಅವರನ್ನು ಎದುರಿಗೆ ಕೂರಿಸಿಕೊಂಡು ಬರೆದರು. ಮುಂದೆ 1966ರಲ್ಲಿ ದಿಲ್ಲಿಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ಅನಾವರಣವಾದ ನೆಹರೂ ಭಾವಚಿತ್ರ ಇವರದೇ ಕೈಯದು. ಪೇಪರಿನಲ್ಲಿ, ಟಿ.ವಿ.ಯಲ್ಲಿ ಆ ಹಾಲನ್ನು ನಾವೆಲ್ಲ ಎಷ್ಟೋ ಸಲ ನೋಡಿರ್ತೀವಿ, ಗೋಡೆಯ ಮೇಲಿನ ಚಿತ್ರ ಬರೆದವರು ಯಾರು ಅಂತ ಯಾರು ಕೇಳ್ತಾರೆ.

1945 ಇವರ ಬಾಳಿನ ತಿರುವು. ಆ ವರ್ಷದ ಆಗಸ್ಟಿನಲ್ಲಿ ದೇವಿಕಾರಾಣಿಯವರನ್ನು ಮದುವೆಯಾದರು. ಈ ಟಿ. ನಗರ ಸಿನಿಮಾದವರ ಊರು, ಇಲ್ಲಿ ಕೂತು ದೇವಿಕಾರಾಣಿ ಯಾರು ಅಂತ ವಿವರಿಸಬೇಕಾ? ಆದರೂ ಎರಡು ಮಾತು. ಅವರ ತಂದೆ ಮದ್ರಾಸ್ ಪ್ರಾಂತ್ಯದ ಸರ್ಜನ್ ಜನರಲ್ ಹುದ್ದೆಗೆ ಏರಿದ ಮೊದಲ ಭಾರತೀಯರು, ಠಾಕೂರರ ಮನೆತನಕ್ಕೆ ಸಂಬಂಧಿಕರು. ದೇವಿಕಾರಾಣಿ ಮೊದಲ ಗಂಡ ಹಿಮಾಂಶು ರಾಯ್ ಜೊತೆ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದರು, 1936ರ ಅಛೂತ್ ಕನ್ಯಾದಲ್ಲಿ ಅಶೋಕ್ ಕುಮಾರ್ ಜೊತೆ ನಟಿಸಿದರು, 1940ರಲ್ಲಿ ರಾಯ್ ತೀರಿಕೊಂಡ ಮೇಲೆ ಒಬ್ಬರೇ ಕಂಪನಿಯನ್ನು ಎಳೆದರು, ದಿಲೀಪ್ ಕುಮಾರರನ್ನು ಮೊದಲು ತೆರೆಗೆ ತಂದವರೂ ಅವರೇ. ಇಷ್ಟೆಲ್ಲ ಆದಮೇಲೆ ಒಂದು ದಿನ ಸಿನಿಮಾಕ್ಕೆ ಕೈಮುಗಿದು ಒಬ್ಬ ಚಿತ್ರಕಾರನ ಜೊತೆ ಹೊರಟುಬಿಟ್ಟರು. ಮತ್ತೆ ತಿರುಗಿ ನೋಡಲಿಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದಾಗ ಮೊಟ್ಟಮೊದಲು ಅವರಿಗೇ ಕೊಟ್ಟರು.

ಮದುವೆಯ ಮೊದಲ ವರ್ಷಗಳು ಕುಲ್ಲುವಿನಲ್ಲೇ ಕಳೆದವು. 1947ರ ಡಿಸೆಂಬರ್ 13ರಂದು ತಂದೆ ನಗ್ಗರಿನಲ್ಲಿ ತೀರಿಕೊಂಡರು. ತಾಯಿ, ಅಣ್ಣ ಬಂಗಾಳದ ಕಲಿಂಪಾಂಗ್ ಸೇರಿದರು. ಗಂಡ ಹೆಂಡತಿ ದಕ್ಷಿಣಕ್ಕೆ ಬಂದು ಬೆಂಗಳೂರಿನ ತೆಂಕಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ತಾತಗುಣಿಯಲ್ಲಿ ಜಮೀನು ಮಾಡಿದರು. ಬನ್ನೇರುಘಟ್ಟದ ಕಾಡಿನ ಅಂಚು, ಆನೆ ಬಂದು ಹೋಗುವ ಜಾಗ. ಎಸ್ಟೇಟಿನ ವಿಸ್ತೀರ್ಣ 460 ಎಕರೆಗೂ ಮೇಲೆ. ಅಲ್ಲಿ ಮುಖ್ಯವಾಗಿ ಬೆಳೆಸಿದ್ದು ಲಿನಾಲೋ ಎಂಬ ಮರ.

ಈ ಮರದ ವಿಷಯ ಸ್ವಲ್ಪ ಹೇಳಲೇಬೇಕು, ಕಾಮರ್ಸಿನವನಿಗೆ ಇದೇ ರುಚಿ. ಲಿನಾಲೋ ನಮ್ಮ ದೇಶದ್ದಲ್ಲ, ಮೆಕ್ಸಿಕೋದ್ದು. ಅಲ್ಲಿ ಮರವನ್ನೇ ಕಡಿದು ಅದರಿಂದ ಸುಗಂಧ ತೈಲ ತೆಗೀತಾರೆ. ನಮ್ಮ ಕಡೆ ಮರ ಕಡಿಯುವುದಿಲ್ಲ, ಕಾಯಿ ಬಿಡಿಸಿ, ಅದರ ಸಿಪ್ಪೆಯನ್ನು ಹಬೆಯಲ್ಲಿ ಬೇಯಿಸಿ, ಬರುವ ಆವಿಯನ್ನು ತಣ್ಣಗೆ ಮಾಡಿ ಮೇಲೆ ತೇಲುವ ಎಣ್ಣೆಯನ್ನು ತೆಗೆದುಕೊಳ್ತಾರೆ. ಸೋಪು, ಅತ್ತರಿಗೆ ಅದು ಹೋಗುತ್ತೆ. ಒಂದು ಸಲ ಮರ ಕಡಿದರೆ ಬಂಡವಾಳವೇ ಹೋಯಿತು, ಕಾಯಿ ಬಿಡಿಸಿದರೆ ಮುಂದಿನ ವರ್ಷವೂ ಬರುತ್ತೆ. ಬಂಡವಾಳ ಬೇರೆ ಆದಾಯ ಬೇರೆ ಅಂತ ನಮಗೆ ಮೊದಲ ವರ್ಷ ಕಲಿಸಿದ್ದನ್ನು ನಮ್ಮಜ್ಜಿ ಬರಿಗೈಯಲ್ಲಿ ಮಾಡ್ತಿದ್ದಳು. ಅವಳು ಅದನ್ನು ಬರೀ ಎಣ್ಣೆಕಾಯಿ ಅಂತಾಳೆ. ಆ ವಾಸನೆ ಎರಡು ದಿನ ಸ್ನಾನ ಮಾಡಿದರೂ ಕೈ ಬಿಡ್ತಿರಲಿಲ್ಲವಂತೆ, ಮನೆಯಲ್ಲಿ ಮುದ್ದೆ ಕಟ್ಟಿದರೆ ಮುದ್ದೆಯೂ ಅದೇ ವಾಸನೆ ಬಂದು ತಾತ ಬೈತಿದ್ದರಂತೆ. ರಷ್ಯಾದ ಮನುಷ್ಯ, ಮೆಕ್ಸಿಕೋದ ಮರ, ಕನಕಪುರ ರಸ್ತೆಯ ಕೂಲಿ ಹೆಂಗಸರು. ಎಲ್ಲಿಂದ ಎಲ್ಲಿಗೆ ಎಷ್ಟು ವಿಚಿತ್ರವಾಗಿ ಗಂಟು ಬೀಳುತ್ತೆ!

ದಕ್ಷಿಣಕ್ಕೆ ಬಂದಮೇಲೆ ಚಿತ್ರಗಳ ಬಣ್ಣ ಬದಲಾಯಿತು. ಕುಲ್ಲುವಿನಲ್ಲಿ ನೀಲಿ, ನೇರಿಳೆ, ಹಿಮದ ಬಿಳಿ. ಇಲ್ಲಿ ಕೆಂಪು ಮಣ್ಣು, ಅರಿಸಿನ, ಬೆಂಕಿಯಂಥ ಸಂಜೆ. ಹೊಲದಲ್ಲಿ ಬಗ್ಗಿದ, ಹೊರೆ ಹೊತ್ತ, ಸಾಲಾಗಿ ನಡೆಯುವ ಹೆಂಗಸರು ಬಂದರು. ಕೃಷ್ಣನ ಕೊಳಲಿನ ಚಿತ್ರ, ಕ್ರಿಸ್ತನ ಚಿತ್ರ, ಯುದ್ಧದಲ್ಲಿ ನರಳುವ ಮನುಕುಲದ ದೊಡ್ಡ ಚಿತ್ರ, ಇವೂ ಇವೆ. ನನ್ನ ಅಭಿಪ್ರಾಯ ಕೇಳಿದರೆ ಆ ದೇವರು, ದೂತರ ಚಿತ್ರಗಳಲ್ಲಿ ಕೆಲವು ನನಗೆ ಕ್ಯಾಲೆಂಡರಿನ ಹಾಗೆ ಕಾಣ್ತವೆ, ಬಣ್ಣ ತೀರಾ ಸಿಹಿ. ತಿಳಿದವರು ಬೈಯಬಹುದು. ಆದರೆ ಆ ದುಡಿಯುವ ಹೆಂಗಸರ ಬೆನ್ನು ಇದೆಯಲ್ಲ, ಅದನ್ನು ಬಗ್ಗಿ ದುಡಿಯುವವರನ್ನು ದಿನಾ ನೋಡಿದವರಷ್ಟೇ ಬರೆಯಬಲ್ಲರು.

ಹೋದ ಬೇಸಿಗೆ ರಜೆಯಲ್ಲಿ ಅಜ್ಜಿಯನ್ನು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಕರೆದುಕೊಂಡು ಹೋದೆ. ಮೆಟ್ರೋ ಈಗ ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಬಂದಿರೋದರಿಂದ ಅವಳಿಗೆ ಅಷ್ಟು ತ್ರಾಸವಾಗಲಿಲ್ಲ. ಪರಿಷತ್ತಿನಲ್ಲಿ ರೋರಿಕ್ ತಂದೆ ಮಗನ ಚಿತ್ರಗಳಿಗೇ ಅಂತ ಗ್ಯಾಲರಿ ಇದೆ. ತಂದೆಯ ಹಿಮಾಲಯದ ಮುಂದೆ ಅಜ್ಜಿ ನಿಲ್ಲಲಿಲ್ಲ, ಚಳಿ ಅಂದಳು. ದುಡಿಯುವ ಹೆಂಗಸರ ಒಂದು ಚಿತ್ರದ ಮುಂದೆ ನಿಂತಳು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ಸೀರೆ ಎತ್ತಿ ಕಟ್ಟಿರೋದು ನಮ್ಮ ಕಡೆ ಥರಾನೇ ಇದೆ, ಆದರೆ ಇಷ್ಟು ಚೆಂದದ ಸೀರೆ ನಮಗೆ ಎಲ್ಲಿತ್ತು ಅಂದಳು. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅವರು ನಮ್ಮನ್ನು ನೋಡ್ತಾ ಇದ್ದರಾ ಅಂತ ಬಸ್ಸಿನಲ್ಲಿ ಮತ್ತೆ ಕೇಳಿದಳು. ನೋಡ್ತಾ ಇದ್ದರು ಅಜ್ಜೀ ಅಂದೆ. ಅವಳಿಗೆ ಸಂತೋಷವಾಯಿತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ.

ಈ ಪರಿಷತ್ತು 1960ರಲ್ಲಿ ಹುಟ್ಟಿದ್ದು, ಎಂ. ಆರ್ಯಮೂರ್ತಿ, ಎಂ. ಎಸ್. ನಂಜುಂಡರಾವ್ ಮುಂತಾದವರ ದುಡಿಮೆಯಿಂದ. ಅದರ ಬೆನ್ನಿಗೆ ನಿಂತ ಹಿರಿಯರಲ್ಲಿ ರೋರಿಕ್ ಒಬ್ಬರು. ತಮ್ಮ, ತಮ್ಮ ತಂದೆಯ ಚಿತ್ರಗಳನ್ನು ಅಲ್ಲಿಗೆ ಕೊಟ್ಟರು. ಆತಿಥ್ಯ ಕೊಟ್ಟ ನಾಡಿನ ಮೇಲೆ ಇವರ ಪ್ರಭಾವ ಏನು ಅಂತ ಯಾರಾದರೂ ಕೇಳಿದರೆ ನಾನು ಪಾವ್ಲೊವಾ ಕಥೆಯ ಹಾಗೆ ಬೆರಳು ಮಡಿಸಿ ಹೇಳಲಾರೆ. ಇವರಂತೆ ಬರೆಯುವ ಶಿಷ್ಯರ ಒಂದು ಪಂಥ ಕರ್ನಾಟಕದಲ್ಲಿ ಬೆಳೆಯಲಿಲ್ಲ. ಕೆ. ವೆಂಕಟಪ್ಪನವರ ದಾರಿ ಬೇರೆ, ರುಮಾಲೆ ಚನ್ನಬಸವಯ್ಯನವರ ಹೂಮರಗಳ ದಾರಿ ಬೇರೆ. ಆದರೆ ಅರಮನೆಯೊಳಗೋ ದೊಡ್ಡವರ ದಿವಾನಖಾನೆಯೊಳಗೋ ಇರುತ್ತಿದ್ದ ಚಿತ್ರವನ್ನು, ಟಿಕೆಟ್ಟು ತೆಗೆದುಕೊಂಡು ಕೂಲಿ ಮುದುಕಿಯೂ ಒಳಗೆ ಹೋಗಿ ನೋಡಬಹುದಾದ ಕಡೆಗೆ ತಂದವರ ಗುಂಪಿನಲ್ಲಿ ಇವರು ಇದ್ದರು. ಪರಿಷತ್ತಿನ ಕಾಲೇಜಿನಲ್ಲಿ ಕಲಿತ ಹಳ್ಳಿ ಹುಡುಗರು ಎಷ್ಟು ಜನ. ಅವರ ಕುಂಚದಲ್ಲಿ ರೋರಿಕ್ ಬಣ್ಣ ಇಲ್ಲದೇ ಇರಬಹುದು, ಅವರು ಕಲಿತ ಸಂಸ್ಥೆಗೆ ರೋರಿಕ್ ಹೆಗಲು ಕೊಟ್ಟದ್ದಂತೂ ಹೌದು.

ಇನ್ನು 1960ರ ಸಂಗತಿ. ಈ ಲೇಖನ ಬರೆಯಬೇಕು ಅನ್ನಿಸಲಿಕ್ಕೆ ಅದೂ ಕಾರಣ. ಅಣ್ಣ ಯೂರಿ 1957ರಲ್ಲಿ ಸೋವಿಯತ್ ದೇಶಕ್ಕೆ ಮರಳಿ ಮಾಸ್ಕೋದಲ್ಲಿ ಕೆಲಸಕ್ಕೆ ಸೇರಿದ್ದ. ತಂದೆ ತಾಯಿ ಇಬ್ಬರೂ ಹೋಗಬೇಕೆಂದು ಕಾದು ಕಾದು ಹೋಗಲಾರದೇ ಸತ್ತಿದ್ದರು, ತಾಯಿ 1955ರಲ್ಲಿ ಕಲಿಂಪಾಂಗಿನಲ್ಲಿ. 1960ರ ಮೇ ತಿಂಗಳಲ್ಲಿ ಮಾಸ್ಕೋದ ಪುಷ್ಕಿನ್ ಮ್ಯೂಸಿಯಮ್ಮಿನಲ್ಲಿ ಸ್ವೆತೊಸ್ಲಾವರ ಚಿತ್ರಗಳ ಪ್ರದರ್ಶನ ಏರ್ಪಾಟಾಯಿತು. ಹನ್ನೆರಡನೇ ವಯಸ್ಸಿನಲ್ಲಿ ಪೀಟರ್ಸ್‌ಬರ್ಗ್ ಬಿಟ್ಟ ಹುಡುಗ ಐವತ್ತೈದರ ಮನುಷ್ಯನಾಗಿ, ದೇವಿಕಾರಾಣಿಯವರ ಜೊತೆ, ಭಾರತದ ಕಲಾವಿದ ಅನ್ನಿಸಿಕೊಂಡು ವಾಪಸು ಹೋದ. ಜನ ಬಂದು ಬಂದು ನೋಡಿದರು. ಪ್ರದರ್ಶನ ಶುರುವಾಗಿ ಕೆಲವೇ ದಿನಕ್ಕೆ, ಮೇ 21ರಂದು, ಅಣ್ಣ ಯೂರಿ ಮಾಸ್ಕೋದಲ್ಲೇ ತೀರಿಕೊಂಡ. ನಲವತ್ತಕ್ಕೂ ಹೆಚ್ಚು ವರ್ಷ ಕಾದು ತವರಿಗೆ ಹೋದ ತಿಂಗಳೇ ತವರಿನಲ್ಲಿದ್ದ ಒಬ್ಬನೂ ಹೋದ. ಆಮೇಲೆ ಚಿತ್ರಗಳು ಲೆನಿನ್‌ಗ್ರಾಡಿನ ಹರ್ಮಿಟೇಜಿಗೂ ಹೋದವು, ಅಂದರೆ ಹೆಸರು ಬದಲಾಗಿದ್ದ ಹುಟ್ಟೂರಿಗೇ.

ಅಲ್ಲೇ ಉಳಿದುಬಿಡಬಹುದಿತ್ತಲ್ಲ? ಗೌರವ ಇತ್ತು, ಭಾಷೆ ತಮ್ಮದು. ಆದರೆ ತಾತಗುಣಿಗೆ ವಾಪಸು ಬಂದರು. ಮುಂದೆಯೂ ಹೋಗಿಬಂದು ಮಾಡಿದರು, 1974ರಲ್ಲಿ ಮತ್ತೆ ಪ್ರದರ್ಶನ ಆಯಿತು, 1980ರ ದಶಕದ ಕೊನೆಯಲ್ಲಿ ಗೋರ್ಬಚೇವರನ್ನು ಕಂಡು ತಂದೆ ತಾಯಿಯ ಚಿತ್ರ, ಕಾಗದಪತ್ರಗಳ ದೊಡ್ಡ ಪಾಲನ್ನು ಮಾಸ್ಕೋಗೆ ಒಪ್ಪಿಸಿದರು. ಪ್ರತಿ ಸಲವೂ ಬಂದು ಇಳಿದದ್ದು ಬೆಂಗಳೂರಿನಲ್ಲೇ. ಭಾರತ ಸರ್ಕಾರ 1961ರಲ್ಲಿ ಪದ್ಮಭೂಷಣ ಕೊಟ್ಟಿತು. ನನಗೆ ಅನ್ನಿಸೋದು, ಅವರು ಊರಿಲ್ಲದವರಾಗಿ ಇರಲಿಲ್ಲ, ಎರಡು ಊರಿನವರಾಗಿದ್ದರು. ಪಾನಗಲ್ ಪಾರ್ಕಿನ ಬೆಂಚಿನ ಮೇಲೆ ಕೂತು ಈ ಪುಟಗಳನ್ನು ಓದುವಾಗ ಪಕ್ಕದಲ್ಲಿದ್ದ ಒಬ್ಬ ಹಿರಿಯರು ನನ್ನ ತಮಿಳು ಕೇಳಿ, ಯಾವ ಊರಪ್ಪಾ ನಿಂದು, ಯಾವಾಗ ವಾಪಸು ಹೋಗ್ತೀಯ ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಡಿಗ್ರಿ ಮುಗಿದಮೇಲೆ ಅಂದೆ. ನಿಜ ಹೇಳಬೇಕೂಂದ್ರೆ ನನಗೆ ಗೊತ್ತಿಲ್ಲ. ರಂಗನಾಥನ್ ಬೀದಿಯ ಗದ್ದಲ ಮೊದಲ ವರ್ಷ ತಲೆನೋವು ತರ್ತಿತ್ತು, ಈಗ ಊರಿಗೆ ಹೋದರೆ ಅಲ್ಲಿಯ ಮೌನಕ್ಕೇ ನಿದ್ದೆ ಬರೋದಿಲ್ಲ.

1993ರ ಜನವರಿ 30ರಂದು ಬೆಂಗಳೂರಿನಲ್ಲಿ ಸ್ವೆತೊಸ್ಲಾವ್ ರೋರಿಕ್ ಕಣ್ಣು ಮುಚ್ಚಿದರು. ಎಂಬತ್ತೆಂಟು ವರ್ಷ. ವರ್ಷದ ಮೇಲೆ ಸ್ವಲ್ಪ ದಿನಕ್ಕೆ, 1994ರ ಮಾರ್ಚ್ 9ರಂದು, ದೇವಿಕಾರಾಣಿಯವರೂ ಹೋದರು. ಇಬ್ಬರ ಸಮಾಧಿಯೂ ತಾತಗುಣಿಯಲ್ಲೇ ಇದೆ. ಮಕ್ಕಳಿರಲಿಲ್ಲ.

ಮಕ್ಕಳಿಲ್ಲದ ಆಸ್ತಿ ಅಂದರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ. ಸಾಯುವ ಮುಂಚೆಯೇ ಜಮೀನಿನ ಭಾಗಗಳ ಮಾರಾಟದ ವಿಷಯದಲ್ಲಿ ತಕರಾರು ಎದ್ದಿತ್ತು, ಆಮೇಲೆ ಅದು ಬೆಳೆಯಿತು. ಕರ್ನಾಟಕ ಸರ್ಕಾರ ಎಸ್ಟೇಟನ್ನು ವಶಕ್ಕೆ ತೆಗೆದುಕೊಳ್ಳಲಿಕ್ಕೇ ಅಂತ 1996ರಲ್ಲಿ ಒಂದು ಕಾಯ್ದೆ ಮಾಡಿತು. ಒಂದೇ ಒಂದು ಎಸ್ಟೇಟಿಗಾಗಿ ಒಂದು ಕಾಯ್ದೆ! ಲಾ ಕಾಲೇಜಿಗೆ ಸೇರಿರುವ ನಮ್ಮ ಸೀನಿಯರ್ ಒಬ್ಬರು ಹೇಳಿದರು, ಆಸ್ತಿಯ ಹಕ್ಕಿನ ಪಾಠದಲ್ಲಿ, ಸಂವಿಧಾನದ 300-ಎ ವಿಧಿ ಬಂದಾಗ, ಈ ಮೊಕದ್ದಮೆಯನ್ನು ಅವರಿಗೆ ಕಡ್ಡಾಯವಾಗಿ ಓದಿಸ್ತಾರಂತೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2011ರ ಆಗಸ್ಟ್ 9ರಂದು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ನಾನು ಆ ತೀರ್ಪನ್ನು ಡಿಕ್ಷನರಿ ಇಟ್ಟುಕೊಂಡು ಎರಡು ಭಾನುವಾರ ಓದಿದೆ. ಲಿನಾಲೋ ಅನ್ನುವುದು ಭೂಸುಧಾರಣೆ ಕಾಯ್ದೆಯ ಲೆಕ್ಕದಲ್ಲಿ ತೋಟದ ಬೆಳೆಯೋ ಅಲ್ಲವೋ ಅನ್ನುವ ಚರ್ಚೆ ಅದರಲ್ಲಿದೆ. ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ಕಾಯ್ದೆಯ ಪಟ್ಟಿಯಲ್ಲಿವೆ, ಲಿನಾಲೋ ಇಲ್ಲ. ಸರ್ಕಾರಿ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಪರದೇಶದ ಮರ ದೇಶದ ಅತಿ ದೊಡ್ಡ ನ್ಯಾಯಾಲಯದ ತನಕ ಹೋಯಿತು ಅಂತ ಅಜ್ಜಿಗೆ ಫೋನಿನಲ್ಲಿ ಹೇಳಿದೆ. ಅವಳು ನಕ್ಕು, ಅದರ ವಾಸನೆ ಜಡ್ಜಿಗೂ ಹತ್ತಿರಬೇಕು ಅಂದಳು.

ದಸರಾ ರಜೆಗೆ ಊರಿಗೆ ಹೋದಾಗ ಎಸ್ಟೇಟಿನ ಕಡೆ ಸೈಕಲ್ಲಿನಲ್ಲಿ ಹೋಗಿದ್ದೆ. ಒಳಗೆ ಹೋಗಲಿಲ್ಲ, ರಸ್ತೆಯಿಂದಲೇ ಬೇಲಿಯಾಚೆ ನೋಡಿ ಬಂದೆ. ಮನೆಗೆ ಬಂದಾಗ ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದಳು. ಸಮಾಧಿ ನೋಡಿದೆಯಾ, ಬಂಗಲೆ ನೋಡಿದೆಯಾ ಅಂತ ಏನೂ ಕೇಳಲಿಲ್ಲ. ಮರಗಳು ಇನ್ನೂ ಕಾಯಿ ಬಿಡ್ತಾ ಇವೆಯಾ, ಬಿಡಿಸೋರು ಯಾರಾದರೂ ಇದ್ದಾರಾ ಅಂತ ಕೇಳಿದಳು.